ಅಂಚೆ ವೋಟು: ಹಕ್ಕು ಉಂಟು, ಹೇಳೋರಿಲ್ಲ!

ಚುನಾವಣೆ ಬಂತೆಂದರೆ ಮೈಕು ಕಟ್ಟಿದ ಆಟೋ ಬರುತ್ತದೆ, ಕೈಮುಗಿದ ಅಭ್ಯರ್ಥಿ ಬರುತ್ತಾನೆ, ಹಿಂದೆ ಮುಂದೆ ಹತ್ತಾರು ಬೈಕು ಬರುತ್ತವೆ. ಅಂಗಡಿ ಕಟ್ಟೆಯ ಮೇಲೆ ಕೂತವರಿಗೂ ಬಸ್ ಸ್ಟಾಂಡಿನಲ್ಲಿ ನಿಂತವರಿಗೂ ಕೈಗೊಂದು ಕರಪತ್ರ ಸಿಗುತ್ತದೆ. ಆದರೆ ಮಂಚ ಬಿಟ್ಟು ಏಳಲಾರದ ಅಜ್ಜಿ ವೋಟು ಹಾಕೋದು ಹೇಗೆ, ಲಡಾಖಿನಲ್ಲಿ ಕಾವಲು ನಿಂತ ಮಗ ಹಾಕೋದು ಹೇಗೆ, ಪಕ್ಕದ ತಾಲ್ಲೂಕಿಗೆ ಡ್ಯೂಟಿ ಬಿದ್ದ ಮೇಷ್ಟ್ರು ಹಾಕೋದು ಹೇಗೆ ಅಂತ ಹೇಳುವ ಕರಪತ್ರ ಮಾತ್ರ ಒಂದೂ ಇರೋದಿಲ್ಲ.

ಕಾನೂನಿನಲ್ಲಿ ದಾರಿ ಇದೆ. ಅದರ ಹೆಸರು ಅಂಚೆ ಮತ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ, 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ ಅದರ ವಿಧಾನ ಬರೆದಿದೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗೆ, ಕಾಯ್ದೆ ಕೊಟ್ಟ ಹಕ್ಕು ಕಾಗದದ ರಾಶಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಯಾರಿಗೆ ಉಂಟು, ಯಾರಿಗೆ ಇಲ್ಲ, ಯಾವತ್ತು ಅರ್ಜಿ ಕೊಡಬೇಕು, ಯಾವ ಕವರಿನಲ್ಲಿ ಏನು ಹಾಕಬೇಕು ಅನ್ನೋದು ಗೊತ್ತಿಲ್ಲದೆ ಹೋಗುವ ವೋಟುಗಳ ಬಗ್ಗೆ ಯಾರಿಗೂ ಚಿಂತೆ ಇದ್ದಂತಿಲ್ಲ.

ಒಂದು ವೋಟಿನ ಬೆಲೆ

"ಒಂದು ವೋಟಿನಿಂದ ಏನಾಗುತ್ತೆ ಬಿಡ್ರಿ" ಅನ್ನುವವರಿಗೆ ಸಂತೇಮರಹಳ್ಳಿಯನ್ನು ನೆನಪು ಮಾಡಬೇಕು. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಸೋತವರ ಕಾರು ಚಾಲಕನಿಗೆ ಆ ದಿನ ಕೆಲಸದ ಗಡಿಬಿಡಿಯಲ್ಲಿ ವೋಟು ಹಾಕಲು ಬಿಡುವೇ ಸಿಗಲಿಲ್ಲ ಎಂಬ ಮಾತು ಇಂದಿಗೂ ರಾಜಕೀಯದ ಜಗಲಿಗಳಲ್ಲಿ ಓಡಾಡುತ್ತಿದೆ.

ಅಂಚೆ ಮತದ ಬೆಲೆ ತಿಳಿಯಬೇಕಾದರೆ ಬೆಂಗಳೂರಿನ ಜಯನಗರಕ್ಕೆ ಬನ್ನಿ. 2023ರ ಮೇ 13ರಂದು ಎಣಿಕೆ ನಡೆದು, ಮರು ಎಣಿಕೆಯೂ ನಡೆದು, ರಾತ್ರಿ ಬಹಳ ಹೊತ್ತಾದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರ ಮೇಲೆ 16 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಅಂದಿನ ಜಗಳವೆಲ್ಲ ತಿರಸ್ಕೃತವಾಗಿದ್ದ ಅಂಚೆ ಮತಗಳ ಮೇಲೆ. ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದವರ ಜನಜಾತ್ರೆ.

ಗುಜರಾತಿನ ಧೋಲ್ಕಾದಲ್ಲಿ 2017ರಲ್ಲಿ ಗೆಲುವಿನ ಅಂತರ 327 ಮತ. ಅಲ್ಲಿ ತಿರಸ್ಕೃತವಾದ ಅಂಚೆ ಮತಗಳು 429. ಅಂದರೆ ಕಸದ ಬುಟ್ಟಿಗೆ ಹೋದ ಅಂಚೆ ಮತಗಳೇ ಗೆಲುವಿನ ಅಂತರಕ್ಕಿಂತ ಜಾಸ್ತಿ. 2020ರ ಮೇ ತಿಂಗಳಲ್ಲಿ ಗುಜರಾತ್ ಹೈಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. ಮೂರೇ ದಿನದಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು ಅನ್ನೋದು ಬೇರೆ ಮಾತು. ಮಂತ್ರಿಯ ಕುರ್ಚಿಯನ್ನೇ ಅಲ್ಲಾಡಿಸುವ ಶಕ್ತಿ ಈ ಪುಟ್ಟ ಕವರುಗಳಿಗಿದೆ ಅನ್ನೋದು ಮಾತ್ರ ಸುಳ್ಳಲ್ಲ.

ಯಾರಿಗೆ ಉಂಟು?

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಕೆಲವು ಪರದೇಶಗಳಲ್ಲಿ ಬೇಕಾದವರೆಲ್ಲ ಮನೆಯಲ್ಲೇ ಕೂತು ಅಂಚೆಯಲ್ಲಿ ವೋಟು ಕಳಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. "ನಾನು ಆ ದಿನ ಊರಲ್ಲಿರೋದಿಲ್ಲ, ಅಂಚೆ ಮತ ಕೊಡಿ" ಅಂತ ತಾಲ್ಲೂಕು ಕಚೇರಿಗೆ ಹೋದರೆ ಕೊಡೋದಿಲ್ಲ. ಕಾನೂನು ಹೆಸರಿಸಿದ ಕೆಲವರಿಗೆ ಮಾತ್ರ ಇದು ಸಿಗುತ್ತದೆ.

ಒಂದು, ಸೇನೆಯಲ್ಲಿರುವವರು, ರಾಜ್ಯದ ಹೊರಗೆ ಸೇವೆಯಲ್ಲಿರುವ ಸಶಸ್ತ್ರ ಪೊಲೀಸರು, ಪರದೇಶದಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರು. ಇವರನ್ನು ಸೇವಾ ಮತದಾರರು ಅನ್ನುತ್ತಾರೆ. ಎರಡು, ಚುನಾವಣೆ ಕೆಲಸಕ್ಕೆ ನೇಮಕವಾದವರು. ಮೂರು, 85 ವರ್ಷ ತುಂಬಿದ ಹಿರಿಯರು. ನಾಲ್ಕು, ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು. ಐದು, ಚುನಾವಣಾ ಆಯೋಗ ಆಯಾ ಚುನಾವಣೆಗೆ ಪ್ರಕಟಿಸುವ ಅಗತ್ಯ ಸೇವೆಗಳ ಪಟ್ಟಿಯಲ್ಲಿರುವ ನೌಕರರು. ಆರು, ಮುಂಜಾಗ್ರತಾ ಬಂಧನದಲ್ಲಿರುವವರು. ರಾಷ್ಟ್ರಪತಿ, ರಾಜ್ಯಪಾಲರಂಥ ಕೆಲವು ದೊಡ್ಡ ಹುದ್ದೆಯವರಿಗೂ ಇದೆ. ಅವರ ಚಿಂತೆ ನಮಗೆ ಬೇಡ.

ಇಲ್ಲೊಂದು ವಿಚಿತ್ರ ನೋಡಿ. ಮುಂಜಾಗ್ರತಾ ಬಂಧನದಲ್ಲಿರುವವನಿಗೆ ಅಂಚೆ ಮತ ಉಂಟು. ಆದರೆ ಅಪರಾಧ ಇನ್ನೂ ಸಾಬೀತಾಗದ, ಜಾಮೀನು ಸಿಗದೆ ಜೈಲಿನಲ್ಲಿರುವ ವಿಚಾರಣಾಧೀನ ಕೈದಿಗೆ ಯಾವ ಮತವೂ ಇಲ್ಲ.

ಮನೆ ಬಾಗಿಲಿಗೆ ಮತಪೆಟ್ಟಿಗೆ

ಹಿರಿಯರಿಗೂ ಅಂಗವಿಕಲರಿಗೂ ಈ ಸೌಲಭ್ಯ ಬಂದಿದ್ದು 2019ರ ನಿಯಮ ತಿದ್ದುಪಡಿಯಿಂದ. ಆಗ ವಯಸ್ಸಿನ ಮಿತಿ 80 ಇತ್ತು. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಹಿರಿಯರು ಮನೆಯಲ್ಲೇ ಕೂತು ವೋಟು ಹಾಕಿದ್ದು 80ರ ಲೆಕ್ಕದಲ್ಲೇ. 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ಮಿತಿಯನ್ನು 85ಕ್ಕೆ ಏರಿಸಿದರು. ಹಾಗಾಗಿ ವಿಧಾನಸಭೆಗೆ ಮನೆಯಲ್ಲಿ ವೋಟು ಹಾಕಿದ 81ರ ಅಜ್ಜಿ, ಮರುವರ್ಷ ಲೋಕಸಭೆಗೆ ಮತಗಟ್ಟೆಗೇ ಹೋಗಬೇಕಾಯಿತು. ವಯಸ್ಸು ಏರಿದಂತೆ ಕಾಲಿಗೆ ಶಕ್ತಿ ಬರುತ್ತದೆ ಅಂತ ದಿಲ್ಲಿಯವರು ತಿಳಿದ ಹಾಗಿದೆ!

ಇರಲಿ, ಈಗಿನ ವಿಧಾನ ಹೀಗೆ. ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಐದು ದಿನದೊಳಗೆ ನಮೂನೆ 12ಡಿಯಲ್ಲಿ ಅರ್ಜಿ ಕೊಡಬೇಕು. ಈ ಐದು ದಿನ ಅನ್ನೋದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. 2023ರಲ್ಲಿ ಅಧಿಸೂಚನೆ ಬಂದಿದ್ದು ಏಪ್ರಿಲ್ 13ಕ್ಕೆ, ಅರ್ಜಿಗೆ ಕೊನೆ ದಿನ ಏಪ್ರಿಲ್ 17, ಮತದಾನ ಮೇ 10. ಮತದಾನಕ್ಕೆ ಇನ್ನೂ ಮೂರು ವಾರ ಇದೆ ಅಂತ ಸುಮ್ಮನಿದ್ದವರು ಸುಮ್ಮನೇ ಉಳಿದರು.

ನಮೂನೆಯನ್ನು ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಎಲ್ಲರೂ ಹೇಳುವ ಬಿಎಲ್ಓ, ಮನೆಗೇ ತಂದು ಕೊಡಬೇಕು, ತುಂಬಿದ್ದನ್ನು ಮನೆಯಿಂದಲೇ ಒಯ್ಯಬೇಕು. ಅಂಗವಿಕಲರು ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು. ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತು ಆಗಿರದಿದ್ದರೆ ಚುನಾವಣೆ ಬರುವ ಮುಂಚೆಯೇ ನಮೂನೆ 8 ಕೊಟ್ಟು ಮಾಡಿಸಿಕೊಳ್ಳುವುದು ಕ್ಷೇಮ.

ಅರ್ಜಿ ಒಪ್ಪಿಗೆಯಾದರೆ ಗೊತ್ತಾದ ದಿನ ತಂಡ ಮನೆಗೆ ಬರುತ್ತದೆ. ಇಬ್ಬರು ಮತಗಟ್ಟೆ ಸಿಬ್ಬಂದಿ, ಒಬ್ಬ ವಿಡಿಯೋ ತೆಗೆಯುವವನು, ಜೊತೆಗೆ ಪೊಲೀಸು. ಬರುವ ದಿನವನ್ನು ಅಭ್ಯರ್ಥಿಗಳಿಗೂ ಮೊದಲೇ ತಿಳಿಸುತ್ತಾರೆ, ಅವರ ಕಡೆಯವರು ಬಂದು ನೋಡಬಹುದು. ಮತಪತ್ರ ಕೊಟ್ಟು, ಮರೆಯಲ್ಲಿ ಗುರುತು ಹಾಕಿಸಿ, ಕವರು ಅಂಟಿಸಿ ಒಯ್ಯುತ್ತಾರೆ. ಮೊದಲ ಸಲ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಇಲ್ಲದಿದ್ದರೆ ಮುಗಿಯಿತು.

ಇನ್ನೊಂದು ಮುಖ್ಯ ಮಾತು. ಅಂಚೆ ಮತಕ್ಕೆ ಒಪ್ಪಿಗೆ ಸಿಕ್ಕ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಬೀಳುತ್ತದೆ. ಆಮೇಲೆ "ಈಗ ಆರಾಮಾಗಿದೆ, ಬೂತಿಗೇ ಹೋಗ್ತೀನಿ" ಅಂದರೆ ಬಿಡೋದಿಲ್ಲ. ನಡೆದಾಡುವ ಶಕ್ತಿ ಇರುವ ಹಿರಿಯರು ಯೋಚನೆ ಮಾಡಿ ಅರ್ಜಿ ಕೊಡಬೇಕು.

ಮನೆಯವರಿಗೂ ಒಂದು ಮಾತು. ಅಜ್ಜಿಯ ವೋಟು ಅಜ್ಜಿಯದು. ತಂಡ ಬಂದಾಗ ಮಗ, ಸೊಸೆ, ಮೊಮ್ಮಗ ಎಲ್ಲಾ ಮಂಚದ ಸುತ್ತ ನಿಂತು "ಅದಕ್ಕೆ ಹಾಕವ್ವ, ಇದಕ್ಕೆ ಹಾಕವ್ವ" ಅನ್ನುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಕಣ್ಣು ಕಾಣದವರು, ಕೈ ಸ್ವಾಧೀನ ಇಲ್ಲದವರು ಒಬ್ಬ ವಯಸ್ಕರ ಸಹಾಯ ಪಡೆಯಬಹುದು. ಸಹಾಯ ಅಂದರೆ ಅವರು ಹೇಳಿದಲ್ಲಿ ಗುರುತು ಹಾಕುವುದು, ನಮಗೆ ಬೇಕಾದಲ್ಲಿ ಹಾಕುವುದಲ್ಲ.

ಡ್ಯೂಟಿ ಬಿದ್ದವರ ಪಾಡು

ಚುನಾವಣೆ ನಡೆಸುವ ಕೈಗಳೇ ವೋಟು ಹಾಕದೆ ಉಳಿಯುವುದು ನಮ್ಮ ವ್ಯವಸ್ಥೆಯ ದೊಡ್ಡ ಚೋದ್ಯ. ಮೇಷ್ಟ್ರು, ಗುಮಾಸ್ತರು, ಪೊಲೀಸರು, ಗೃಹರಕ್ಷಕರು, ಚುನಾವಣೆ ಕೆಲಸಕ್ಕೆ ಹಿಡಿದ ವಾಹನಗಳ ಡ್ರೈವರು, ಕ್ಲೀನರುಗಳು ಹಿಂದಿನ ದಿನವೇ ಮಸ್ಟರಿಂಗ್ ಕೇಂದ್ರದಿಂದ ಹೊರಟರೆ ವಾಪಸು ಬರೋದು ಮತದಾನದ ನಡುರಾತ್ರಿಗೆ.

ಇವರಿಗೆ ಎರಡು ದಾರಿ. ತನ್ನ ಹೆಸರಿರುವ ಕ್ಷೇತ್ರದಲ್ಲೇ ಡ್ಯೂಟಿ ಬಿದ್ದರೆ ನಮೂನೆ 12ಎ ಕೊಟ್ಟು ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆಯಬಹುದು. ಅದು ಕೈಯಲ್ಲಿದ್ದರೆ ಡ್ಯೂಟಿ ಇರುವ ಬೂತಿನಲ್ಲೇ ಯಂತ್ರದಲ್ಲಿ ವೋಟು ಹಾಕಬಹುದು. ಬೇರೆ ಕ್ಷೇತ್ರದಲ್ಲಿ ಡ್ಯೂಟಿ ಬಿದ್ದರೆ ನಮೂನೆ 12 ಕೊಟ್ಟು ಅಂಚೆ ಮತಪತ್ರ ಕೇಳಬೇಕು. ನಿಯಮದ ಪ್ರಕಾರ ನಮೂನೆ 12ಕ್ಕೆ ಮತದಾನಕ್ಕೆ ಏಳು ದಿನ ಮುಂಚೆ, ನಮೂನೆ 12ಎಗೆ ನಾಲ್ಕು ದಿನ ಮುಂಚೆ ಅರ್ಜಿ ತಲುಪಿರಬೇಕು. ಚುನಾವಣಾಧಿಕಾರಿ ಮನಸ್ಸು ಮಾಡಿದರೆ ಅವಧಿ ಸಡಿಲಿಸಬಹುದು. ಅದನ್ನು ನಂಬಿ ಕೂರಬೇಡಿ.

ಮೊದಲೆಲ್ಲ ಮತಪತ್ರ ಮನೆಗೆ ತಂದು, ಎಣಿಕೆಯ ದಿನದವರೆಗೆ ಯಾವಾಗ ಬೇಕಾದರೂ ಕಳಿಸಬಹುದಿತ್ತು. ಆ ಅವಧಿಯಲ್ಲಿ ಯಾವ ಯಾವ ಪಕ್ಷದವರು ಯಾವ ಯಾವ ಮನೆ ಬಾಗಿಲು ತಟ್ಟುತ್ತಿದ್ದರು, ಏನೇನು ಆಮಿಷ ತೋರಿಸುತ್ತಿದ್ದರು ಅನ್ನೋದು ನೌಕರರಿಗೇ ಗೊತ್ತು. 2023ರಲ್ಲಿ ನಿಯಮ ತಿದ್ದುಪಡಿಯಾಯಿತು. ಈಗ ಡ್ಯೂಟಿಯವರು ಸೌಲಭ್ಯ ಕೇಂದ್ರದಲ್ಲೇ ಮತಪತ್ರ ಪಡೆದು, ಅಲ್ಲೇ ಗುರುತು ಹಾಕಿ, ಅಲ್ಲೇ ಪೆಟ್ಟಿಗೆಗೆ ಹಾಕಬೇಕು. ಇದು ಒಳ್ಳೆಯದೇ. ಆದರೆ ತರಬೇತಿಯ ದಿನ ಸಾವಿರಾರು ಜನಕ್ಕೆ ನಾಲ್ಕು ಮೇಜು ಹಾಕಿ ಕೂತರೆ ಉದ್ದನೆಯ ಸಾಲು ನೋಡಿ ಬೇಸತ್ತು ಬಸ್ ಹತ್ತುವವರು ಇದ್ದೇ ಇರುತ್ತಾರೆ. ತಪ್ಪು ಅವರದಲ್ಲ, ಮೇಜು ಲೆಕ್ಕ ಹಾಕಿದವರದು.

ಅಗತ್ಯ ಸೇವೆಯವರದು ಇನ್ನೊಂದು ಬಗೆ. ಇವರೂ 12ಡಿಯನ್ನೇ ತುಂಬಬೇಕು, ತಮ್ಮ ಇಲಾಖೆಯ ನೋಡಲ್ ಅಧಿಕಾರಿಯಿಂದ ದೃಢೀಕರಿಸಬೇಕು. ಇವರ ಮನೆಗೆ ಯಾರೂ ಬರೋದಿಲ್ಲ. ಮತದಾನಕ್ಕೆ ಮುಂಚೆ ಗೊತ್ತುಪಡಿಸಿದ ಮೂರು ದಿನ ತೆರೆದಿರುವ ಅಂಚೆ ಮತದಾನ ಕೇಂದ್ರಕ್ಕೆ ಇವರೇ ಹೋಗಿ ಹಾಕಿ ಬರಬೇಕು.

ಯೋಧನ ವೋಟು

ಅಂಚೆ ಮತ ಅಂತ ಹೆಸರಿದ್ದರೂ ಈಗ ನಿಜವಾಗಿ ಅಂಚೆ ಚೀಲದಲ್ಲಿ ಬರೋದು ಹೆಚ್ಚಾಗಿ ಸೈನಿಕರ ವೋಟೇ. ಕೊಡಗು, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಇದು ಸಣ್ಣ ಮಾತಲ್ಲ.

ಹಿಂದೆ ಮತಪತ್ರ ಹೋಗೋದೂ ಅಂಚೆಯಲ್ಲಿ, ಬರೋದೂ ಅಂಚೆಯಲ್ಲಿ. ನಾಮಪತ್ರ ವಾಪಸಾತಿ ಮುಗಿದ ಮೇಲೆ ತಾನೆ ಮತಪತ್ರ ಅಚ್ಚಾಗೋದು? ಅದು ಗಡಿ ಮುಟ್ಟಿ ತಿರುಗಿ ಬರುವ ಹೊತ್ತಿಗೆ ಇಲ್ಲಿ ಗೆದ್ದವರ ಮೆರವಣಿಗೆ ಮುಗಿದಿರುತ್ತಿತ್ತು. 2016ರ ತಿದ್ದುಪಡಿಯಿಂದ ಹೋಗುವ ದಾರಿ ವಿದ್ಯುನ್ಮಾನವಾಯಿತು. ಮತಪತ್ರ ಕಂಪ್ಯೂಟರಿನಲ್ಲಿ ಬರುತ್ತದೆ, ಯೋಧ ಅದನ್ನು ಇಳಿಸಿಕೊಂಡು, ಅಚ್ಚು ತೆಗೆದು, ಗುರುತು ಹಾಕಿ ಅಂಚೆಗೆ ಕೊಡಬೇಕು. ಬರುವ ದಾರಿ ಈಗಲೂ ಅಂಚೆಯದೇ. ಸ್ಟಾಂಪು ಹಚ್ಚಬೇಕಾಗಿಲ್ಲ, ಖರ್ಚು ಸರ್ಕಾರದ್ದು.

ಇನ್ನೊಂದು ದಾರಿಯೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2003ರಿಂದ ಸೇನೆಯವರು ಊರಿನಲ್ಲಿರುವ ಒಬ್ಬರನ್ನು ಬದಲಿ ಮತದಾರರನ್ನಾಗಿ ನೇಮಿಸಬಹುದು. ಅವರು ಬೂತಿಗೆ ಹೋಗಿ ತಮ್ಮ ವೋಟಿನ ಜೊತೆಗೆ ಯೋಧನ ವೋಟನ್ನೂ ಹಾಕುತ್ತಾರೆ. ಬದಲಿ ಮತಕ್ಕೆ ಶಾಯಿ ಬೀಳೋದು ಎಡಗೈ ನಡುಬೆರಳಿಗೆ. ಮಕ್ಕಳನ್ನು ಸೇನೆಗೆ ಕಳಿಸಿದ ಮನೆಯವರು ರಜೆಗೆ ಬಂದಾಗಲೇ ಈ ಬಗ್ಗೆ ಮಾತಾಡಿಕೊಳ್ಳಲಿ.

ಎರಡು ಕವರಿನ ಗುಟ್ಟು

ಈಗ ಅಸಲು ವಿಷಯಕ್ಕೆ ಬರೋಣ. ಅಂಚೆ ಮತಗಳು ತಿರಸ್ಕೃತವಾಗೋದು ಬಹುಪಾಲು ಮತ ತಪ್ಪಿದ್ದಕ್ಕಲ್ಲ, ಕಾಗದ ತಪ್ಪಿದ್ದಕ್ಕೆ. ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇವೆ. ಸರಕು ಸರಿಯಿದೆ, ಬಿಲ್ಲು ತಪ್ಪಿದೆ, ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಿದೆ!

ಮತಪತ್ರದ ಜೊತೆ ನಾಲ್ಕು ಕಾಗದ ಬರುತ್ತವೆ. 13ಎ ಅಂದರೆ ಘೋಷಣೆ. 13ಬಿ ಅಂದರೆ ಒಳಗಿನ ಸಣ್ಣ ಕವರು. 13ಸಿ ಅಂದರೆ ಹೊರಗಿನ ದೊಡ್ಡ ಕವರು. 13ಡಿ ಅಂದರೆ ಸೂಚನೆಗಳ ಹಾಳೆ.

ಮಾಡಬೇಕಾದ್ದು ಇಷ್ಟು. ಮತಪತ್ರದಲ್ಲಿ ಒಬ್ಬರ ಹೆಸರಿನ ಮುಂದೆ ಮಾತ್ರ ಸ್ಪಷ್ಟವಾಗಿ ಗುರುತು ಹಾಕಬೇಕು. ಸಹಿ ಮಾಡಬಾರದು, ಹೆಸರು ಬರೆಯಬಾರದು, ನಿಮ್ಮ ಗುರುತು ಸಿಗುವಂಥ ಏನೂ ಇರಬಾರದು. ಮತಪತ್ರವನ್ನು ಮಾತ್ರ ಸಣ್ಣ ಕವರಿಗೆ ಹಾಕಿ ಅಂಟಿಸಬೇಕು. ಮತಪತ್ರದ ಕ್ರಮಸಂಖ್ಯೆ ಸಣ್ಣ ಕವರಿನ ಮೇಲೂ ಇರಬೇಕು, ಘೋಷಣೆಯಲ್ಲೂ ಅದೇ ಇರಬೇಕು. ಘೋಷಣೆಗೆ ಸಹಿ ಹಾಕಿ, ಅದಕ್ಕೆ ಅಧಿಕಾರವುಳ್ಳ ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ಸೌಲಭ್ಯ ಕೇಂದ್ರದಲ್ಲಿ ಅಲ್ಲಿಯ ಅಧಿಕಾರಿ, ಸೇನೆಯಲ್ಲಿ ತಮ್ಮ ಮೇಲಧಿಕಾರಿ, ಮನೆಗೆ ಬಂದ ತಂಡವಾದರೆ ತಂಡದ ಅಧಿಕಾರಿ ಮಾಡುತ್ತಾರೆ. ಕೊನೆಗೆ ಸಣ್ಣ ಕವರನ್ನೂ ಘೋಷಣೆಯನ್ನೂ ಬೇರೆ ಬೇರೆಯಾಗಿಯೇ ದೊಡ್ಡ ಕವರಿಗೆ ಹಾಕಿ ಮುಚ್ಚಬೇಕು.

ಜನ ಎಡವೋದು ಇಲ್ಲೇ. ಘೋಷಣೆಯನ್ನೂ ಮತಪತ್ರದ ಜೊತೆ ಸಣ್ಣ ಕವರಿಗೇ ತುರುಕಿಬಿಡುತ್ತಾರೆ. ಎಣಿಕೆ ಮೇಜಿನವರು ದೊಡ್ಡ ಕವರು ತೆಗೆದಾಗ ಘೋಷಣೆ ಹೊರಗೆ ಸಿಗಬೇಕು. ಸಿಗದಿದ್ದರೆ, ಸಹಿ ಇಲ್ಲದಿದ್ದರೆ, ದೃಢೀಕರಣ ಇಲ್ಲದಿದ್ದರೆ, ಕ್ರಮಸಂಖ್ಯೆ ತಾಳೆಯಾಗದಿದ್ದರೆ ಸಣ್ಣ ಕವರನ್ನು ಬಿಚ್ಚುವುದೇ ಇಲ್ಲ. ಒಳಗಿನ ವೋಟು ಯಾರಿಗೆ ಅನ್ನೋದು ಗೊತ್ತಾಗದೆ ಹಾಗೇ ಬದಿಗೆ ಬೀಳುತ್ತದೆ.

ಹೊತ್ತಿನ ಲೆಕ್ಕವೂ ಅಷ್ಟೇ ಬಿಗಿ. ಎಣಿಕೆ ಶುರುವಾಗುವ ಗಳಿಗೆ, ಸಾಮಾನ್ಯವಾಗಿ ಬೆಳಿಗ್ಗೆ 8 ಗಂಟೆ, ಅದಕ್ಕೆ ಮುಂಚೆ ಕವರು ಚುನಾವಣಾಧಿಕಾರಿಗೆ ಸೇರಿರಬೇಕು. 8 ಗಂಟೆ ಒಂದು ನಿಮಿಷಕ್ಕೆ ಬಂದದ್ದು ಲೆಕ್ಕಕ್ಕಿಲ್ಲ.

ಬಂದ ಮತಗಳನ್ನು ಯಂತ್ರದ ಮತಗಳಿಗಿಂತ ಮೊದಲು ಎಣಿಕೆಗೆ ತೆಗೆದುಕೊಳ್ಳುತ್ತಾರೆ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂದು ಆಯೋಗದ ಸೂಚನೆ ಇದೆ. ಅಂಚೆ ಮತದ ಎಣಿಕೆ ಮುಗಿಯದೆ ಯಂತ್ರದ ಕೊನೆಯ ಎರಡು ಸುತ್ತಿಗೆ ಕೈ ಹಾಕಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಆಯೋಗ ಹೇಳಿದೆ. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಕವರು ಸರಿಯಾಗಿ ಮುಚ್ಚೋದನ್ನು ಮೊದಲೇ ಕಲಿಸದೆ, ಎಣಿಕೆ ದಿನ ಭೂತಗನ್ನಡಿ ಹಿಡಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಉಳಿದವರ ಗತಿ

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದವರೇ ಹೆಚ್ಚು. ಬೆಂಗಳೂರಿನಲ್ಲಿ ಹೋಟೆಲು, ಗಾರೆ, ಕಾರ್ಖಾನೆ ಕೆಲಸಕ್ಕಿರುವ ನಮ್ಮ ಜಿಲ್ಲೆಯ ಹುಡುಗರು ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವುದು ನಿಂತಿಲ್ಲ. ಇಂಥವರಿಗಾಗಿ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯೊಂದನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಅನುಮಾನ ಎತ್ತಿದವು. ಯಂತ್ರ ಅಲ್ಲಿಗೇ ನಿಂತಿತು. ಪರದೇಶದಲ್ಲಿರುವ ನಮ್ಮವರಿಗೂ 2010ರ ತಿದ್ದುಪಡಿಯಿಂದ ಪಟ್ಟಿಯಲ್ಲಿ ಹೆಸರು ಸೇರಿಸುವ ಹಕ್ಕು ಸಿಕ್ಕಿತು. ಆದರೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬೂತಿಗೆ ಬಂದೇ ಹಾಕಬೇಕು.

ವರ್ಷಗಟ್ಟಲೆ ಬೇರೆ ಊರಲ್ಲಿ ನೆಲೆಸಿದವರು ನಮೂನೆ 8 ಕೊಟ್ಟು ಇದ್ದ ಊರಿಗೆ ಹೆಸರು ವರ್ಗಾಯಿಸಿಕೊಳ್ಳುವುದೇ ಕಾನೂನು ಮೆಚ್ಚುವ ದಾರಿ.

ಅಂಗಡಿ ಮಾಲೀಕರೇ, ನಿಮಗೂ ಒಂದು ಮಾತು. ನಿಮ್ಮ ಅಂಗಡಿಯ ಹುಡುಗನಿಗೆ ಅಂಚೆ ಮತ ಇಲ್ಲ. ಅವನಿಗಿರುವುದು ರಜೆ. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಪ್ರತಿ ಕೆಲಸಗಾರನಿಗೂ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವನಿಗೂ ಆ ದಿನದ ಕೂಲಿ ಕೊಡಬೇಕು. ಕೊಡದಿದ್ದರೆ 500 ರೂಪಾಯಿವರೆಗೆ ದಂಡ ಉಂಟು. ದಂಡ ಸಣ್ಣದು, ಆದರೆ ನಾಚಿಕೆ ದೊಡ್ಡದು. ಸಂತೇಮರಹಳ್ಳಿಯ ಕಾರು ಚಾಲಕನ ಕಥೆ ನೆನಪಿರಲಿ.

ಜಿಲ್ಲಾಡಳಿತ ಏನು ಮಾಡಬೇಕು?

ದೊಡ್ಡ ದೊಡ್ಡ ಮಾತು ಬೇಡ. ಖರ್ಚಿಲ್ಲದ ನಾಲ್ಕು ಕೆಲಸ ಸಾಕು. ಒಂದು, ಅಧಿಸೂಚನೆ ಹೊರಡುವ ಒಂದು ವಾರ ಮುಂಚೆಯೇ ಪ್ರತಿ ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಅಂಚೆ ಕಚೇರಿಯಲ್ಲಿ 12ಡಿ ಬಗ್ಗೆ ದಪ್ಪ ಅಕ್ಷರದ ಬೋರ್ಡು ಹಾಕಲಿ. ಎರಡು, ಬಿಎಲ್ಓ ಯಾವ ಮನೆಗೆ ನಮೂನೆ ಕೊಟ್ಟರು, ಯಾವ ಮನೆಗೆ ಕೊಡಲಿಲ್ಲ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ, ವಾರ್ಡು ಕಚೇರಿಯಲ್ಲಿ ಅಂಟಿಸಲಿ. ಮೂರು, ತರಬೇತಿಯ ದಿನ ಯಂತ್ರದ ಪಾಠದ ಜೊತೆ ಎರಡು ಕವರಿನ ಪಾಠವನ್ನೂ ಹತ್ತು ನಿಮಿಷ ಮಾಡಲಿ, ಸೌಲಭ್ಯ ಕೇಂದ್ರದ ಮೇಜುಗಳನ್ನು ಹೆಚ್ಚಿಸಲಿ. ನಾಲ್ಕು, ಎಷ್ಟು ಅಂಚೆ ಮತ ತಿರಸ್ಕೃತವಾಯಿತು, ಯಾವ ಯಾವ ಕಾರಣಕ್ಕೆ ಎಂಬುದನ್ನು ಪ್ರತಿ ಕ್ಷೇತ್ರದ ಲೆಕ್ಕದಲ್ಲಿ ಪ್ರಕಟಿಸಲಿ. ಕಾರಣ ಗೊತ್ತಾದರೆ ತಾನೆ ಮುಂದಿನ ಸಲ ತಪ್ಪು ತಪ್ಪೋದು?

ರಾಜಕೀಯ ಪಕ್ಷಗಳಿಗೂ ಇದರಲ್ಲಿ ಪಾಲಿದೆ. ಪ್ರತಿ ಬೂತಿಗೂ ಏಜೆಂಟರನ್ನು ಇಟ್ಟಿರುವ ನೀವು, ಮಂಚದ ಮೇಲಿನ ಹಿರಿಯರ ಹೆಸರನ್ನು ಬಿಎಲ್ಓಗೆ ಕೊಡಲಾರಿರಾ?

ಓದುಗರು ಮಾಡಬೇಕಾದ್ದು ಇಷ್ಟೇ. ಮನೆಯಲ್ಲಿ, ಬೀದಿಯಲ್ಲಿ 85 ದಾಟಿದವರು, ನಡೆಯಲಾರದವರು ಯಾರಿದ್ದಾರೆ ಅಂತ ಇವತ್ತೇ ಲೆಕ್ಕ ಹಾಕಿ. ಅವರ ಹೆಸರು ಪಟ್ಟಿಯಲ್ಲಿದೆಯೇ, ವಯಸ್ಸು ಸರಿಯಾಗಿ ಬಿದ್ದಿದೆಯೇ ನೋಡಿ. ಪಟ್ಟಿಯಲ್ಲಿ 84 ಅಂತ ಇದ್ದರೆ ಅಜ್ಜನ ಬಾಯಿಮಾತು ನಡೆಯೋದಿಲ್ಲ. ಅನುಮಾನ ಬಂದರೆ 1950 ಎಂಬ ಸಹಾಯವಾಣಿಗೆ ಫೋನು ಮಾಡಿ, ಇಲ್ಲವೇ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ ಕೇಳಿ. ನಾಳೆ ಬನ್ನಿ ಅಂದರೆ ನಾಳೆಯೂ ಹೋಗಿ.

ಬೇಡುವ ಮಾತಲ್ಲ ಇದು. ಹಕ್ಕಿನ ಮಾತು. ಐದೇ ದಿನದ ಹಕ್ಕು.